ಕನ್ನಡಕ ತೆಗೆಸುವ ಫೆಮ್ಟೊಸೆಕೆಂಡ್ ಲೇಸರ್: ‘ಬ್ಲೇಡ್ ಇಲ್ಲದ’ ಚಿಕಿತ್ಸೆಗೆ ಹೆಚ್ಚು ಹಣ ಕೊಡುವುದು ಸರಿಯೇ?

ಸುಜಾತಾ, ತೀರ್ಥಹಳ್ಳಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 22 ವರ್ಷ. ಎರಡೂ ಕಣ್ಣಿಗೆ ಮೈನಸ್ ಐದರ ಕನ್ನಡಕವಿದ್ದು, ಎರಡು ವರ್ಷಗಳಿಂದ ಪವರ್ ಬದಲಾಗಿಲ್ಲ. ಲೇಸರ್ ಚಿಕಿತ್ಸೆ ಮಾಡಿಸಿಕೊಳ್ಳಲೇಬೇಕೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಫೋನಿನಲ್ಲೇ ವಿಚಾರಿಸಿದಾಗ ಅವರು ಮೂರು ಹೆಸರು, ಮೂರು ದರ ಹೇಳಿದರು. ಬ್ಲೇಡ್ ಬಳಸುವ ಲೇಸಿಕ್ ಎಲ್ಲಕ್ಕಿಂತ ಅಗ್ಗ, ‘ಬ್ಲೇಡ್ ಇಲ್ಲದ’ ಫೆಮ್ಟೊ ಲೇಸಿಕ್ ಅದಕ್ಕಿಂತ ದುಬಾರಿ, ಸ್ಮೈಲ್ ಎನ್ನುವುದು ಇನ್ನೂ ದುಬಾರಿ. ಫೆಮ್ಟೊ ಎಂದರೇನು ಎಂದು ಕೇಳಿದರೆ ‘ಅತ್ಯಾಧುನಿಕ ಮೇಡಂ’ ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. ಮೊಬೈಲ್ ಫೋನಿನ ಗಾಜು ಕತ್ತರಿಸುವುದಕ್ಕೂ ಇದೇ ಜಾತಿಯ ಲೇಸರ್ ಬಳಸುತ್ತಾರೆಂದು ನನ್ನ ಮೈದುನ ಹೇಳಿದ ಮೇಲಂತೂ ಮನೆಯಲ್ಲಿ ಎಲ್ಲರಿಗೂ ದಿಗಿಲಾಗಿದೆ. ಗಾಜು ಕತ್ತರಿಸುವ ಲೇಸರ್ ಕಣ್ಣಿನೊಳಗೆ ಹೋದರೆ ಸುಡುವುದಿಲ್ಲವೇ? ಹೆಚ್ಚು ಹಣ ಕೊಟ್ಟರೆ ನಿಜವಾಗಿ ಹೆಚ್ಚು ಸಿಗುವುದೇನು? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಅನ್ವರ್, ಶಿವಮೊಗ್ಗ
ಮೇಡಂ, ಕನ್ನಡಕದ ಅಂಗಡಿಯಲ್ಲಿ ಕುಳಿತು ಈ ಪ್ರಶ್ನೆಯನ್ನು ಬಹಳ ಮಂದಿಯಿಂದ ಕೇಳಿದ್ದೇನೆ. ಒಂದು ವಿಷಯವನ್ನು ಮಗಳಿಗೆ ಮೊದಲೇ ತಿಳಿಸಿಬಿಡಿ. ಯಾವ ಲೇಸರ್ ಆದರೂ ತಿದ್ದುವುದು ದೂರದ್ದನ್ನು ನೋಡಲು ಈಗ ಬೇಕಾಗಿರುವ ಪವರನ್ನು ಮಾತ್ರ. ನಲವತ್ತು ದಾಟಿದ ಮೇಲೆ ಕಣ್ಣಿನೊಳಗಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುವುದನ್ನು ಅದು ತಡೆಯುವುದಿಲ್ಲ. ‘ಜೀವನಪೂರ್ತಿ ಕನ್ನಡಕವೇ ಬೇಡ’ ಎಂದು ಯಾರಾದರೂ ಹೇಳಿದರೆ ಅದನ್ನು ನಂಬಬೇಡಿ.

ರಾಘವೇಂದ್ರ, ಸಾಗರ
ಸುಜಾತಕ್ಕಾ, ನಾನು ಭೌತಶಾಸ್ತ್ರ ಪಾಠ ಮಾಡುವವನು. ವೈದ್ಯಕೀಯ ಭಾಗವನ್ನು ವೈದ್ಯರಿಗೇ ಬಿಟ್ಟು, ‘ಸುಡುವುದಿಲ್ಲವೇ’ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಹೇಳುತ್ತೇನೆ.

ನಿಮ್ಮ ಮೈದುನ ಹೇಳಿದ್ದು ನಿಜ, ಆದರೆ ಅದರಲ್ಲಿ ಹೆದರುವಂಥದ್ದೇನೂ ಇಲ್ಲ. ಈ ಲೇಸರ್ ಬೆಳಕನ್ನು ಒಂದೇ ಸಮನೆ ಅಲ್ಲ, ಫೆಮ್ಟೊಸೆಕೆಂಡುಗಳ ಲೆಕ್ಕದ ಚಿಕ್ಕ ಮಿಡಿತಗಳಾಗಿ ಬಿಡುತ್ತದೆ, ಹೆಸರು ಬಂದದ್ದು ಅದರಿಂದ. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಭಾಗ ಮಾಡಿದರೆ ಸಿಗುವುದು ನೂರು ಫೆಮ್ಟೊಸೆಕೆಂಡ್. ಒಂದೇ ಸೆಕೆಂಡಿನಲ್ಲಿ ಸುಮಾರು 3 ಲಕ್ಷ ಕಿಲೋಮೀಟರ್ ಓಡುವ ಬೆಳಕು ಅಷ್ಟು ಹೊತ್ತಿನಲ್ಲಿ ಸಾಗುವುದು ಕೇವಲ 0.03 ಮಿಲಿಮೀಟರ್. ಶಕ್ತಿಯನ್ನು ಇಷ್ಟು ಚಿಕ್ಕ ಗಳಿಗೆಯೊಳಗೆ ಅಡಕಿದಾಗ ಏನಾಗುತ್ತದೆಂದು ಲೆಕ್ಕ ಹಾಕಿ ನೋಡಿ. ಪ್ರಯೋಗಾಲಯದ ಲೇಸರೊಂದು ಒಂದು ಮಿಲಿಜೂಲ್ ಶಕ್ತಿಯನ್ನು ನೂರು ಫೆಮ್ಟೊಸೆಕೆಂಡಿನಲ್ಲಿ ಹೊರಹಾಕಿದರೆ ಆ ಗಳಿಗೆಯ ಮಟ್ಟಿಗೆ ಅದರ ಸಾಮರ್ಥ್ಯ 10 ಗಿಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಪೂರ್ಣ ಸಾಮರ್ಥ್ಯ 1035 ಮೆಗಾವಾಟ್, ಅಂದರೆ ಅದರ ಹತ್ತು ಪಟ್ಟಿಗೆ ಹತ್ತಿರ. ಆದರೆ ಒಟ್ಟು ಶಕ್ತಿ ಮಾತ್ರ ಒಂದು ಹನಿ ನೀರನ್ನು ಬೆಚ್ಚಗೆ ಮಾಡುವುದಕ್ಕೂ ಸಾಲದು. ಕಣ್ಣಿಗೆ ಬಳಸುವ ಯಂತ್ರಗಳಲ್ಲಿ ಒಂದೊಂದು ಮಿಡಿತದ ಶಕ್ತಿ ಇದಕ್ಕಿಂತ ಸಾವಿರಾರು ಪಟ್ಟು ಕಡಿಮೆ, ಅವಧಿ ಕೆಲವು ನೂರು ಫೆಮ್ಟೊಸೆಕೆಂಡ್.

ಇನ್ನು ಪಾರದರ್ಶಕತೆಯ ವಿಷಯ. ಗಾಜಿನಂತೆ ಕಣ್ಣಿನ ಮುಂಪರೆಯಾದ ಕಾರ್ನಿಯಾ ಕೂಡ ಸುಮಾರು 1,050 ನ್ಯಾನೊಮೀಟರಿನ ಅವಗೆಂಪು ಬೆಳಕನ್ನು ಹೀರದೆ ಬಿಟ್ಟುಕೊಡುತ್ತದೆ. ಹೀಗಾಗಿ ಕಿರಣ ಮೇಲ್ಪದರವನ್ನು ಏನೂ ಮಾಡದೆ ದಾಟಿಹೋಗುತ್ತದೆ. ಅದನ್ನು ಒಂದು ಬಿಂದುವಿಗೆ ಕೇಂದ್ರೀಕರಿಸಿದಾಗ ಮಾತ್ರ ಅಲ್ಲಿ ಬೆಳಕು ಎಷ್ಟು ದಟ್ಟವಾಗುತ್ತದೆಂದರೆ, ಒಂದೇ ಇಲೆಕ್ಟ್ರಾನ್ ಹಲವು ಫೋಟಾನುಗಳನ್ನು (ಬೆಳಕಿನ ಕಣಗಳನ್ನು) ಒಟ್ಟಿಗೆ ಹೀರಿ ಪರಮಾಣುವಿನಿಂದ ಕಳಚಿಕೊಳ್ಳುತ್ತದೆ. ಇಂಥ ಬಹುಫೋಟಾನ್ ಹೀರಿಕೆಯ ಸಿದ್ಧಾಂತವನ್ನು ಭೌತವಿಜ್ಞಾನಿ ಮರಿಯಾ ಗೆಪರ್ಟ್ ಮೇಯರ್ 1931ರಷ್ಟು ಹಿಂದೆಯೇ, ಲೇಸರ್ ಹುಟ್ಟುವ ಮುಂಚೆಯೇ, ಬರೆದಿಟ್ಟಿದ್ದರು. ಆ ಬಿಂದುವಿನಲ್ಲಿ ಪ್ಲಾಸ್ಮಾ, ಅಂದರೆ ಇಲೆಕ್ಟ್ರಾನುಗಳು ಕಳಚಿಕೊಂಡ ಅನಿಲದಂಥ ಸ್ಥಿತಿ, ಹುಟ್ಟಿ, ಸೂಕ್ಷ್ಮ ಗುಳ್ಳೆಯೊಂದು ಉಂಟಾಗಿ, ಅಂಗಾಂಶದ ಪದರಗಳು ಬೇರ್ಪಡುತ್ತವೆ. ಇಲೆಕ್ಟ್ರಾನುಗಳಿಂದ ಸುತ್ತಲಿನ ವಸ್ತುವಿಗೆ ಶಾಖ ಹರಡಲು ಕೆಲವು ಪಿಕೊಸೆಕೆಂಡುಗಳಾದರೂ (ಒಂದು ಪಿಕೊಸೆಕೆಂಡ್ ಎಂದರೆ ಸಾವಿರ ಫೆಮ್ಟೊಸೆಕೆಂಡ್) ಬೇಕು, ಮಿಡಿತ ಅಷ್ಟರೊಳಗೆ ಮುಗಿದುಹೋಗಿರುತ್ತದೆ. ಆದ್ದರಿಂದಲೇ ಪಕ್ಕದ ಭಾಗ ಸುಡುವುದಿಲ್ಲ. ಫೋನಿನ ಗಾಜು ಬಿರುಕು ಬಿಡದೆ ತುಂಡಾಗುವುದಕ್ಕೂ ಇದೇ ಕಾರಣ.

ಪ್ರದೀಪ, ಕೊಪ್ಪ
ರಾಘವೇಂದ್ರ ಸರ್, ವಿವರಣೆ ಚೆನ್ನಾಗಿದೆ. ಹಾಗಾದರೆ ಕಣ್ಣಿನ ಪವರನ್ನು ತೆಗೆಯುವುದು ಈ ಫೆಮ್ಟೊಸೆಕೆಂಡ್ ಲೇಸರೇ ತಾನೇ?

ಡಾ. ಮಾಲಿನಿ, ಶಿವಮೊಗ್ಗ
ಪ್ರದೀಪ ಅವರೇ, ಲೇಸಿಕ್‌ನಲ್ಲಿ ಅಲ್ಲ. ಜನ ಎಡವುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಲೇಸಿಕ್‌ನಲ್ಲಿ ಎರಡು ಹಂತಗಳಿವೆ. ಮೊದಲನೆಯದರಲ್ಲಿ ಕಾರ್ನಿಯಾದ ಮೇಲ್ಭಾಗದಲ್ಲಿ ಸುಮಾರು 100ರಿಂದ 120 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗವೇ ಮೈಕ್ರಾನ್) ದಪ್ಪದ ಒಂದು ಪದರವನ್ನು, ಒಂದು ಬದಿ ಅಂಟಿಕೊಂಡೇ ಇರುವಂತೆ, ಬಿಡಿಸಿ ಮಗುಚುತ್ತಾರೆ. ಅದನ್ನೇ ಫ್ಲಾಪ್ ಎನ್ನುವುದು. ಹಿಂದೆ ಇದನ್ನು ಮೈಕ್ರೋಕೆರಟೋಮ್ ಎಂಬ ಯಂತ್ರದ ಬ್ಲೇಡ್ ಮಾಡುತ್ತಿತ್ತು, ಈಗ ಅನೇಕ ಕಡೆ ಫೆಮ್ಟೊಸೆಕೆಂಡ್ ಲೇಸರ್ ಮಾಡುತ್ತದೆ. ಎರಡನೆಯ ಹಂತದಲ್ಲಿ ಫ್ಲಾಪಿನ ಕೆಳಗಿನ ಅಂಗಾಂಶವನ್ನು ಸವರಿ ಕಾರ್ನಿಯಾದ ವಕ್ರತೆಯನ್ನು ಬದಲಿಸುವುದು ಎಕ್ಸೈಮರ್ ಎಂಬ ಬೇರೆಯೇ ಲೇಸರ್. ಅದು 193 ನ್ಯಾನೊಮೀಟರಿನ ನೇರಳಾತೀತ ಬೆಳಕು, ಅದರ ಮಿಡಿತ ನ್ಯಾನೊಸೆಕೆಂಡಿನ (ಒಂದು ನ್ಯಾನೊಸೆಕೆಂಡ್ ಎಂದರೆ ಹತ್ತು ಲಕ್ಷ ಫೆಮ್ಟೊಸೆಕೆಂಡ್) ಲೆಕ್ಕದ್ದು. ಪವರ್ ಹೋಗುವುದು ಈ ಎರಡನೆಯ ಹಂತದಲ್ಲಿ. ಎಂದರೆ ‘ಬ್ಲೇಡ್ ಇಲ್ಲದ’ ಲೇಸಿಕ್‌ಗೆ ನೀವು ಹೆಚ್ಚುವರಿ ಹಣ ಕೊಡುವುದು ಫ್ಲಾಪ್ ಬಿಡಿಸುವ ವಿಧಾನಕ್ಕೆ. ಫ್ಲಾಪಿನ ದಪ್ಪ ಲೇಸರಿನಲ್ಲಿ ಹೆಚ್ಚು ಕರಾರುವಾಕ್ಕಾಗಿ ಬರುತ್ತದೆ, ಪದರ ನಡುವೆ ತೂತಾಗುವಂಥ ತೊಂದರೆಗಳು ಕಡಿಮೆ. ಆದರೆ ನುರಿತ ಕೈಯಲ್ಲಿ ಎರಡೂ ವಿಧಾನಗಳಿಂದ ಕೊನೆಗೆ ಸಿಗುವ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಸ್ಮೈಲ್ ಮಾತ್ರ ಪೂರ್ತಿಯಾಗಿ ಫೆಮ್ಟೊಸೆಕೆಂಡ್ ಲೇಸರಿನ ಚಿಕಿತ್ಸೆ. ಅದರಲ್ಲಿ ಫ್ಲಾಪ್ ಇಲ್ಲ, ಎಕ್ಸೈಮರ್ ಕೂಡ ಇಲ್ಲ. ಕಾರ್ನಿಯಾದ ಒಳಗೇ ಲೆಂಟಿಕ್ಯೂಲ್ ಎಂಬ ತೆಳುವಾದ ಬಿಲ್ಲೆಯ ಮೇಲ್ಮೈ ಮತ್ತು ಕೆಳಮೈಯನ್ನು ಲೇಸರ್ ಗುರುತಿಸಿ ಬಿಡಿಸುತ್ತದೆ. ಅಂಚಿನಲ್ಲಿ ಮಾಡಿದ 2ರಿಂದ 4 ಮಿಲಿಮೀಟರಿನ ಸೀಳಿನ ಮೂಲಕ ವೈದ್ಯರು ಅದನ್ನು ಎಳೆದು ತೆಗೆಯುತ್ತಾರೆ. ಲೇಸಿಕ್ ಫ್ಲಾಪಿನ ಅಂಚು ಸುಮಾರು 20 ಮಿಲಿಮೀಟರ್ ಉದ್ದವಿರುತ್ತದೆ ಎಂಬುದನ್ನು ಇದರೊಂದಿಗೆ ಹೋಲಿಸಿ ನೋಡಿ. ಕಡಿದುಹೋಗುವ ನರಗಳು ಕಡಿಮೆಯಾದ್ದರಿಂದ ಮೊದಲ ತಿಂಗಳುಗಳಲ್ಲಿ ಕಣ್ಣು ಒಣಗುವ ತೊಂದರೆಯೂ ಕಡಿಮೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2016ರಲ್ಲಿ ಒಪ್ಪಿಗೆ ಕೊಟ್ಟಿತು.

ಪ್ರದೀಪ, ಕೊಪ್ಪ
ಡಾಕ್ಟರೇ, ಹಾಗಾದರೆ ಇಷ್ಟನ್ನೂ ಆಸ್ಪತ್ರೆಯವರು ಫೋನಿನಲ್ಲೇ ಹೇಳಬಹುದಿತ್ತಲ್ಲ? ಜಾಹೀರಾತಿನಲ್ಲಿ ಯಂತ್ರದ ಹೆಸರು ದೊಡ್ಡದಾಗಿರುತ್ತದೆ, ಯಾವ ಹಂತದಲ್ಲಿ ಯಾವ ಲೇಸರ್ ಎಂಬ ಮಾತೇ ಇರುವುದಿಲ್ಲ. ಹಳ್ಳಿಯಿಂದ ಹೋದವರು ಬೆಲೆಯನ್ನೇ ಗುಣವೆಂದು ತಿಳಿದು ದುಬಾರಿಯದನ್ನು ಆರಿಸಿಕೊಂಡು ಬರುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ.

ಡಾ. ಮಾಲಿನಿ, ಶಿವಮೊಗ್ಗ
ನಿಮ್ಮ ಆಕ್ಷೇಪ ನ್ಯಾಯವಾದದ್ದು. ಆದರೆ ದರಪಟ್ಟಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ಈ ಕಣ್ಣಿಗೆ ಚಿಕಿತ್ಸೆ ಮಾಡಬಹುದೇ’ ಎಂಬುದು. ಅದು ಫೋನಿನಲ್ಲಿ ತೀರ್ಮಾನವಾಗುವುದಿಲ್ಲ, ಕಾರ್ನಿಯಾವನ್ನು ಅಳೆದೇ ಹೇಳಬೇಕು.

ಚೈತ್ರಾ, ಶಿಕಾರಿಪುರ
ಸುಜಾತಾ ಮೇಡಂ, ನಾನು ಸ್ಮೈಲ್ ಮಾಡಿಸಿಕೊಂಡವಳು. ಮಗಳಿಗೆ ಧೈರ್ಯ ಬರಲೆಂದು ಒಳಗೆ ಏನಾಗುತ್ತದೆಂದು ಹೇಳುತ್ತೇನೆ. ಕಣ್ಣು ಮರಗಟ್ಟಲು ಹನಿ ಬಿಡುತ್ತಾರೆ, ಚುಚ್ಚುಮದ್ದು ಇಲ್ಲ. ರೆಪ್ಪೆ ಮುಚ್ಚದಂತೆ ತಂತಿಯ ಹಿಡಿ ಇಟ್ಟು, ಯಂತ್ರದ ಬಾಗಿದ ಗಾಜನ್ನು ಕಣ್ಣಿಗೆ ತಾಗಿಸಿ ಮೆಲ್ಲಗೆ ಹೀರಿ ಹಿಡಿದುಕೊಳ್ಳುತ್ತಾರೆ. ಹಸಿರು ದೀಪವೊಂದನ್ನು ನೋಡುತ್ತಿರಬೇಕು. ಅರ್ಧ ನಿಮಿಷವೂ ಆಗುವುದಿಲ್ಲ, ಅಂಚಿನಿಂದ ಬಿಳಿಯ ಮಂಜು ಮುಚ್ಚುತ್ತ ಬಂದು ಆ ದೀಪ ಮಸುಕಾಗಿಬಿಡುತ್ತದೆ. ಅದು ಲೇಸರ್ ಮಾಡಿದ ಗುಳ್ಳೆಗಳ ಪದರವೆಂದು ಮೊದಲೇ ಹೇಳಿದ್ದರಿಂದ ನಾನು ಗಾಬರಿಯಾಗಲಿಲ್ಲ. ಆ ಹೊತ್ತಿನಲ್ಲಿ ಕಣ್ಣು ಅಲುಗಿಸಿ ಹಿಡಿತ ತಪ್ಪಿದರೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ, ಆದ್ದರಿಂದ ಅಲುಗದೆ ಮಲಗುವುದೊಂದೇ ನಮ್ಮ ಕೆಲಸ. ಆಮೇಲೆ ವೈದ್ಯರು ಬಿಲ್ಲೆಯನ್ನು ಬಿಡಿಸುವಾಗ ಒತ್ತಿದಂತಾಗುತ್ತದೆ, ನೋವಿರುವುದಿಲ್ಲ. ಅಂದು ಸಂಜೆಯವರೆಗೆ ಕಣ್ಣಿನಲ್ಲಿ ನೀರು ಸುರಿಯಿತು, ದೀಪದ ಸುತ್ತ ಪ್ರಭೆ ಕಾಣಿಸುವುದು ಕೆಲವು ವಾರ ಇತ್ತು. ಲೇಸಿಕ್ ಮಾಡಿಸಿಕೊಂಡ ನನ್ನ ಗೆಳತಿಗೆ ಮರುದಿನವೇ ನಿಚ್ಚಳವಾಗಿ ಕಂಡಿತು, ನನಗೆ ಅಷ್ಟು ನಿಚ್ಚಳವಾಗಲು ತುಸು ಹೆಚ್ಚು ಸಮಯ ಹಿಡಿಯಿತು ಎಂಬುದನ್ನೂ ಹೇಳಲೇಬೇಕು.

ಸುಜಾತಾ, ತೀರ್ಥಹಳ್ಳಿ
ಚೈತ್ರಾ, ನಿನ್ನ ಬರಹವನ್ನು ಮಗಳಿಗೆ ಓದಿ ಹೇಳಿದೆ, ತುಂಬ ಉಪಕಾರವಾಯಿತಮ್ಮ. ಡಾಕ್ಟರೇ, ಇಲ್ಲೇ ಪರೀಕ್ಷೆ ಮಾಡಿಸಿದ್ದೆವು, ಕಾರ್ನಿಯಾದ ದಪ್ಪ 520 ಮೈಕ್ರಾನ್ ಎಂದು ಚೀಟಿಯಲ್ಲಿ ಬರೆದಿದ್ದಾರೆ. ಅಷ್ಟು ಸಾಕಾಗುತ್ತದೆಯೇ?

ಡಾ. ಮಾಲಿನಿ, ಶಿವಮೊಗ್ಗ
ದಪ್ಪದ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 6 ಮಿಲಿಮೀಟರ್ ಅಗಲದ ಜಾಗದಲ್ಲಿ ಒಂದು ಡಯಾಪ್ಟರ್ (ಕನ್ನಡಕದ ಪವರಿನ ಒಂದು ಅಂಕ) ತೆಗೆಯಲು ಎಕ್ಸೈಮರ್ ಸುಮಾರು 12 ಮೈಕ್ರಾನ್ ಸವರುತ್ತದೆ. ಮೈನಸ್ ಐದಕ್ಕೆ 60 ಮೈಕ್ರಾನ್. ಫ್ಲಾಪ್ 110 ಎಂದಿಟ್ಟುಕೊಂಡರೆ 520ರಲ್ಲಿ 170 ಕಳೆದು 350 ಮೈಕ್ರಾನ್ ಅಡಿಪಾಯ ಉಳಿಯುತ್ತದೆ. ಕನಿಷ್ಠ 250 ಉಳಿಯಬೇಕೆಂಬುದು ಹಳೆಯ ನಿಯಮ, ಈಗ ಹೆಚ್ಚಿನವರು 300ರ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಒಟ್ಟು ದಪ್ಪದ ಶೇಕಡಾ 40ಕ್ಕಿಂತ ಹೆಚ್ಚು ಭಾಗವನ್ನು ಮುಟ್ಟಿದರೆ ಅಪಾಯ ಹೆಚ್ಚುತ್ತದೆ, ನಿಮ್ಮ ಮಗಳ ಲೆಕ್ಕದಲ್ಲಿ ಅದು ಶೇಕಡಾ 33ರಷ್ಟು ಬರುತ್ತದೆ. ಸ್ಮೈಲ್‌ನಲ್ಲಿ ಬಿಲ್ಲೆ ಹರಿಯದಂತೆ ಅಂಚಿಗೂ ಸ್ವಲ್ಪ ದಪ್ಪ ಬಿಡಬೇಕಾದ್ದರಿಂದ ಅದೇ ಪವರಿಗೆ ತುಸು ಹೆಚ್ಚು ಅಂಗಾಂಶ ಹೋಗುತ್ತದೆ.

ಆದರೆ ದಪ್ಪವೊಂದೇ ಸಾಲದು. ಕಾರ್ನಿಯಾದ ಆಕಾರದ ನಕ್ಷೆಯನ್ನು, ಅಂದರೆ ಟೋಪೋಗ್ರಫಿಯನ್ನು, ಹಿಂಬದಿಯ ಮೇಲ್ಮೈ ಸಮೇತ ಮಾಡಿಸಲೇಬೇಕು. ಕೆರಟೋಕೋನಸ್ ಎಂಬ ಕಾಯಿಲೆಯಲ್ಲಿ ಕಾರ್ನಿಯಾ ಮೆಲ್ಲಗೆ ತೆಳುವಾಗಿ ಮುಂದಕ್ಕೆ ಉಬ್ಬುತ್ತದೆ. ಅದರ ಆರಂಭದ ಕುರುಹು ಇರುವ ಕಣ್ಣಿಗೆ ಲೇಸರ್ ಹಾಕಿದರೆ ಕನ್ನಡಕ ಹಾಕಿದರೂ ಸರಿಹೋಗದಷ್ಟು ದೃಷ್ಟಿ ಹಾಳಾಗಬಹುದು. ಅಲರ್ಜಿಯಿಂದ ಕಣ್ಣು ತುರಿಸಿ ಉಜ್ಜುವ ಅಭ್ಯಾಸವಿರುವ ಮಕ್ಕಳಲ್ಲಿ ಇದನ್ನು ನಾವು ವಿಶೇಷವಾಗಿ ಹುಡುಕುತ್ತೇವೆ. ಮಗಳು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಒಂದೆರಡು ವಾರ ಬಿಟ್ಟೇ ಅಳತೆಗೆ ಹೋಗಲಿ, ಇಲ್ಲದಿದ್ದರೆ ನಕ್ಷೆ ತಪ್ಪಾಗಿ ಬರುತ್ತದೆ. ಯಾವ ಆಸ್ಪತ್ರೆಯಾದರೂ ಈ ನಕ್ಷೆಯನ್ನು ತೋರಿಸಿ ವಿವರಿಸದೆ ದಿನಾಂಕ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಗಣಪತಿ, ಹೊಸನಗರ
ನಮ್ಮಂಥ ಅಡಿಕೆ ತೋಟದವರ ಮಕ್ಕಳಿಗೆ ಫ್ಲಾಪ್ ಇರುವ ಚಿಕಿತ್ಸೆ ಎಷ್ಟರಮಟ್ಟಿಗೆ ಸರಿ ಎಂಬುದು ನನ್ನ ಪ್ರಶ್ನೆ. ಸೊಪ್ಪು ಕಡಿಯುವಾಗ ಕಡ್ಡಿ ಸಿಡಿದು ಕಣ್ಣಿಗೆ ಬಡಿಯುವುದು, ಅಡಿಕೆ ಸೋಗೆ ತಾಗುವುದು ಇಲ್ಲಿ ಮಾಮೂಲು. ಮಳೆಗಾಲದಲ್ಲಿ ಚಿಕಿತ್ಸೆ ಮಾಡಿಸಬಾರದು, ತಂಪಿಗೆ ಕಣ್ಣು ಕೀವಾಗುತ್ತದೆ ಎಂದೂ ಹಿರಿಯರು ಹೇಳುತ್ತಾರೆ.

ಡಾ. ಮಾಲಿನಿ, ಶಿವಮೊಗ್ಗ
ಗಣಪತಿಯವರೇ, ಮೊದಲ ಪ್ರಶ್ನೆ ಬಹಳ ಮುಖ್ಯವಾದದ್ದು. ಫ್ಲಾಪ್ ಅಂಟಿಕೊಂಡರೂ ಮೊದಲಿನ ಬಲಕ್ಕೆ ಪೂರ್ತಿ ಬರುವುದಿಲ್ಲ, ಜೋರಾದ ಪೆಟ್ಟು ಬಿದ್ದರೆ ವರ್ಷಗಳ ನಂತರವೂ ಜರುಗಬಹುದು. ಆದ್ದರಿಂದ ತೋಟದ ಕೆಲಸ, ಕಬಡ್ಡಿ, ಕುಸ್ತಿ ಇರುವವರಿಗೆ ಸ್ಮೈಲ್ ಅಥವಾ ಫ್ಲಾಪ್ ಇಲ್ಲದೆ ಮೇಲ್ಮೈಯಲ್ಲೇ ಮಾಡುವ ಪಿಆರ್‌ಕೆ ಸೂಕ್ತ. ಪಿಆರ್‌ಕೆಯಲ್ಲಿ ಮೊದಲ ಮೂರು ನಾಲ್ಕು ದಿನ ಉರಿ, ನೋವು ಇರುತ್ತದೆ, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಅದಕ್ಕೆ ಫೆಮ್ಟೊಸೆಕೆಂಡ್ ಲೇಸರಿನ ಖರ್ಚೂ ಇಲ್ಲ. ಎಲೆ, ಕಡ್ಡಿಗಳ ಗಾಯದಿಂದ ಕಾರ್ನಿಯಾಕ್ಕೆ ಶಿಲೀಂಧ್ರದ ಸೋಂಕು ತಗಲುವುದು ನಮ್ಮ ದೇಶದ ಕೃಷಿಕರಲ್ಲಿ ಹೆಚ್ಚು, ಹಾಗಾಗಿ ಗಾಯ ಮಾಯುವವರೆಗೆ ತೋಟಕ್ಕೆ ಇಳಿಯಬಾರದು, ಹೊಳೆಯಲ್ಲಿ ಮೀಯಬಾರದು.

ಮಳೆಗಾಲದ ಮಾತಿಗೆ ಬರುವುದಾದರೆ, ಗಾಳಿಯ ತೇವಾಂಶ ಲೆಕ್ಕಕ್ಕೆ ಬರುವುದು ಶಸ್ತ್ರಚಿಕಿತ್ಸೆಯ ಕೋಣೆಯೊಳಗೆ. ಅಂಗಾಂಶದ ತೇವ ಹೆಚ್ಚು ಕಡಿಮೆಯಾದರೆ ಎಕ್ಸೈಮರ್ ಸವರುವ ಪ್ರಮಾಣವೂ ಬದಲಾಗುತ್ತದೆ. ಅದಕ್ಕೇ ಆ ಕೋಣೆಯ ಉಷ್ಣತೆ, ತೇವಾಂಶಗಳನ್ನು ಸದಾ ಹತೋಟಿಯಲ್ಲಿಡುತ್ತಾರೆ. ಹೊರಗೆ ಆಗುಂಬೆಯ ಮಳೆ ಸುರಿಯುತ್ತಿದ್ದರೂ ಚಿಕಿತ್ಸೆಗೆ ಅಡ್ಡಿಯಿಲ್ಲ.

ಪ್ರದೀಪ, ಕೊಪ್ಪ
ಇನ್ನೊಂದನ್ನು ಹುಡುಗರು ಗಮನಿಸಬೇಕು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಆದವರನ್ನು ತೆಗೆದುಕೊಳ್ಳುವುದಿಲ್ಲ. ವಾಯುಪಡೆಯಲ್ಲಿ ಕೆಲವು ಶಾಖೆಗಳಿಗೆ ಅವಕಾಶವಿದ್ದರೂ 20 ವರ್ಷಕ್ಕೆ ಮೊದಲು ಮಾಡಿಸಿರಬಾರದು, ಮಾಡಿಸಿ 12 ತಿಂಗಳಾಗಿರಬೇಕು, ಕಾರ್ನಿಯಾ 450 ಮೈಕ್ರಾನಿಗಿಂತ ತೆಳುವಾಗಿರಬಾರದು ಎಂಬಂಥ ಷರತ್ತುಗಳಿವೆ. ಅಧಿಸೂಚನೆ ಓದದೆ ಕನ್ನಡಕ ತೆಗೆಸಿ ಕೆಲಸ ಕಳೆದುಕೊಂಡವರನ್ನು ನಾನು ಬಲ್ಲೆ.

ಅನ್ವರ್, ಶಿವಮೊಗ್ಗ
ನಮ್ಮ ತಂದೆಯವರಿಗೆ ಕಣ್ಣಿನ ಪೊರೆ ಬಂದಿದೆ. ಅದಕ್ಕೂ ಫೆಮ್ಟೊ ಲೇಸರ್ ಹಾಕಿಸಿದರೆ ಉತ್ತಮ ಎಂದು ಒಬ್ಬರು ಹೇಳುತ್ತಿದ್ದಾರೆ. ಅದು ಅಗತ್ಯವೇ ಡಾಕ್ಟರೇ?

ಡಾ. ಮಾಲಿನಿ, ಶಿವಮೊಗ್ಗ
ಅಗತ್ಯವಿಲ್ಲ. ಬುಡಾಪೆಸ್ಟ್‌ನಲ್ಲಿ ಜೊಲ್ತಾನ್ ನಾಗಿ 2008ರಲ್ಲಿ ಇದನ್ನು ಮೊದಲು ಮಾಡಿದಾಗ ಬಹಳ ನಿರೀಕ್ಷೆಯಿತ್ತು. ಮಸೂರದ ಚೀಲಕ್ಕೆ ಲೇಸರ್ ಕೊರೆಯುವ ದುಂಡನೆಯ ಬಾಯಿ ಕೈಯಿಂದ ಮಾಡಿದ್ದಕ್ಕಿಂತ ಅಚ್ಚುಕಟ್ಟಾಗಿರುತ್ತದೆ ಎಂಬುದೂ ನಿಜ. ಆದರೆ ಫ್ರಾನ್ಸಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಫೆಮ್‌ಕ್ಯಾಟ್ ಅಧ್ಯಯನದಲ್ಲಿ ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಒಡೆದು ಹೀರಿ ತೆಗೆಯುವ ಸಾಮಾನ್ಯ ಫೇಕೋ ಶಸ್ತ್ರಚಿಕಿತ್ಸೆಗಿಂತ ಅದು ಮೇಲೆಂದು ಕಂಡುಬರಲಿಲ್ಲ, ಖರ್ಚು ಮಾತ್ರ ಹೆಚ್ಚಾಯಿತು. ತಂದೆಯವರಿಗೆ ಫೇಕೋ ಸಾಕು.

ರಾಘವೇಂದ್ರ, ಸಾಗರ
ಈ ಲೇಸರ್ ಕಣ್ಣಾಸ್ಪತ್ರೆಗೆ ಬಂದ ದಾರಿಯನ್ನು ಇಲ್ಲಿ ಹೇಳದೆ ಇರಲಾರೆ. ಅತಿ ಚಿಕ್ಕ ಮಿಡಿತಗಳನ್ನು ನೇರವಾಗಿ ವರ್ಧಿಸಿದರೆ ವರ್ಧಕವೇ ಹಾಳಾಗುತ್ತಿತ್ತು. ಡೊನ್ನಾ ಸ್ಟ್ರಿಕ್‌ಲೆಂಡ್ ಮತ್ತು ಜೆರಾರ್ ಮುರು 1985ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪರಿಹಾರ ಕಂಡುಕೊಂಡರು. ಮಿಡಿತವನ್ನು ಮೊದಲು ಕಾಲದಲ್ಲಿ ಉದ್ದಕ್ಕೆ ಹಿಗ್ಗಿಸಿ, ತೀವ್ರತೆ ಇಳಿದ ಮೇಲೆ ವರ್ಧಿಸಿ, ಕೊನೆಗೆ ಮತ್ತೆ ಕುಗ್ಗಿಸುವ ಉಪಾಯ ಅದು. ಅದಕ್ಕಾಗಿ ಇಬ್ಬರಿಗೂ 2018ರ ಭೌತಶಾಸ್ತ್ರದ ನೊಬೆಲ್ ಪಾಲು ಬಂತು. ಜೆರಾರ್ ಮುರು ಮಿಷಿಗನ್‌ಗೆ ಹೋದ ಮೇಲೆ, 1990ರ ದಶಕದ ಆರಂಭದಲ್ಲಿ, ಅಲ್ಲಿನ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯೊಬ್ಬನ ಕಣ್ಣಿಗೆ ಆಕಸ್ಮಿಕವಾಗಿ ಕಿರಣ ತಾಗಿತು. ಅವನನ್ನು ಪರೀಕ್ಷಿಸಿದ ಯುವ ನೇತ್ರವೈದ್ಯ ರಾನ್ ಕರ್ಟ್ಸ್, ಅಕ್ಷಿಪಟಲದ ಮೇಲೆ ಬಿದ್ದ ಗಾಯ ಅಷ್ಟು ಚಿಕ್ಕದಾಗಿ, ಅಷ್ಟು ದುಂಡಗೆ, ಸುತ್ತ ಹಾನಿಯಿಲ್ಲದೆ ಇರುವುದನ್ನು ಕಂಡು ಅದು ಯಾವ ಲೇಸರ್ ಎಂದು ವಿಚಾರಿಸಿದರು. ಅವರೂ ಭೌತವಿಜ್ಞಾನಿ ಟಿಬೋರ್ ಯುಹಾಸ್ ಅವರೂ ಸೇರಿ 1997ರಲ್ಲಿ ಕಂಪನಿ ಕಟ್ಟಿದರು, ಫ್ಲಾಪ್ ಬಿಡಿಸುವ ಯಂತ್ರಗಳು ಅಲ್ಲಿಂದ ಬಂದವು.

ಎಕ್ಸೈಮರ್ ಭಾಗದಲ್ಲಿ ನಮ್ಮ ಕಡೆಯವರೊಬ್ಬರಿದ್ದಾರೆ. ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಅವರು 1981ರ ನವೆಂಬರಿನಲ್ಲಿ, ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿಯ ಮೃದ್ವಸ್ಥಿಯನ್ನು (ಮೆದು ಎಲುಬನ್ನು) ಐಬಿಎಂ ಪ್ರಯೋಗಾಲಯಕ್ಕೆ ತಂದು ಅದರ ಮೇಲೆ 193 ನ್ಯಾನೊಮೀಟರಿನ ಲೇಸರ್ ಹಾಯಿಸಿ, ಕರಕಲಾಗದ ಸ್ವಚ್ಛವಾದ ಗೆರೆ ಬೀಳುವುದನ್ನು ಕಂಡರು. ಜೇಮ್ಸ್ ವಿನ್ ಮತ್ತು ಸ್ಯಾಮ್ಯುಯೆಲ್ ಬ್ಲಮ್ ಅವರ ಜೊತೆಗಿದ್ದವರು.

ಮಂಜುನಾಥ, ಭದ್ರಾವತಿ
ಉಕ್ಕಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕಣ್ಣಿನ ವಿಷಯ ನನಗೆ ತಿಳಿಯದು, ಆದರೆ ಆ ಪ್ಲಾಸ್ಮಾದ ಮಾತು ಬಂದಾಗ ಸುಮ್ಮನಿರಲಾಗಲಿಲ್ಲ. ಕುಲುಮೆಯಿಂದ ತೆಗೆದ ಉಕ್ಕಿನ ತುಂಡನ್ನು ಉಜ್ಜಿ ಹೊಳಪು ಬರಿಸಿ, ಅದರ ಮೇಲೆ ವಿದ್ಯುತ್ ಕಿಡಿ ಹಾರಿಸಿ, ಆ ಕಿಡಿಯ ಬೆಳಕನ್ನು ರೋಹಿತವಾಗಿ, ಅಂದರೆ ಬೇರೆ ಬೇರೆ ಬಣ್ಣದ ಗೆರೆಗಳಾಗಿ, ಒಡೆದು ಇಂಗಾಲ, ಮ್ಯಾಂಗನೀಸ್, ಗಂಧಕ, ರಂಜಕಗಳ ಪ್ರಮಾಣವನ್ನು ನಿಮಿಷದೊಳಗೆ ಹೇಳುವುದು ನಮ್ಮ ದಿನನಿತ್ಯದ ಕೆಲಸವಾಗಿತ್ತು. ಕಿಡಿಯ ಬದಲು ಲೇಸರಿನಿಂದ ಪ್ಲಾಸ್ಮಾ ಹುಟ್ಟಿಸಿ ಇದನ್ನೇ ಮಾಡುವ ವಿಧಾನಕ್ಕೆ ಲಿಬ್ಸ್ ಎನ್ನುತ್ತಾರೆ. ಕಿಡಿಗೆ ವಿದ್ಯುತ್ ಹರಿಯುವ ಲೋಹವೇ ಬೇಕು. ಲೇಸರಿಗೆ ಕಲ್ಲಾದರೂ ಗಾಜಾದರೂ ಮಣ್ಣಾದರೂ ನಡೆಯುತ್ತದೆ. ಚಂದ್ರಯಾನ-3ರ ಪ್ರಜ್ಞಾನ್ ರೋವರ್ 2023ರ ಆಗಸ್ಟಿನಲ್ಲಿ ಚಂದ್ರನ ದಕ್ಷಿಣ ಧ್ರುವದ ಸಮೀಪದ ಮಣ್ಣಿನಲ್ಲಿ ಗಂಧಕ ಪತ್ತೆ ಮಾಡಿದ್ದು ಇದರಿಂದಲೇ.

ಪ್ರದೀಪ, ಕೊಪ್ಪ
ಅಂದರೆ ಚಂದ್ರನ ಮೇಲೂ ಫೆಮ್ಟೊಸೆಕೆಂಡ್ ಲೇಸರ್ ಹೋಗಿದೆ ಎಂದಾಯಿತು!

ಶ್ರೀನಿಧಿ, ಶೃಂಗೇರಿ
ಇಲ್ಲ. ನಾನು ಲೇಸರ್ ರೋಹಿತದ ಮೇಲೆಯೇ ಸಂಶೋಧನೆ ಮಾಡುತ್ತಿರುವವನು, ಇಲ್ಲಿ ಒಂದು ಗೆರೆ ಎಳೆಯಬೇಕು. ಬೆಂಗಳೂರಿನ ಇಸ್ರೊ ಪ್ರಯೋಗಾಲಯ ಲಿಯೋಸ್ ರೂಪಿಸಿದ ಆ ಉಪಕರಣದ್ದೂ, ಮಂಗಳದ ಮೇಲಿರುವ ನಾಸಾದ ಕ್ಯೂರಿಯಾಸಿಟಿ ರೋವರಿನ ಉಪಕರಣ ಕೆಮ್‌ಕ್ಯಾಮ್‌ದೂ ನ್ಯಾನೊಸೆಕೆಂಡ್ ಲೇಸರುಗಳು. ಅವು ಹಗುರ, ಗಟ್ಟಿಮುಟ್ಟು, ಬೆಲೆಯೂ ಕಡಿಮೆ.

ಫೆಮ್ಟೊಸೆಕೆಂಡಿನ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ನ್ಯಾನೊಸೆಕೆಂಡ್ ಮಿಡಿತ ಬಡಿದಾಗ ವಸ್ತು ಕರಗಿ, ಬೇಗ ಆವಿಯಾಗುವ ಮೂಲಧಾತು ಮೊದಲು ಹಾರುತ್ತದೆ, ನಿಧಾನದ್ದು ಹಿಂದೆ ಉಳಿಯುತ್ತದೆ. ಹಿತ್ತಾಳೆಯಲ್ಲಿ ತಾಮ್ರಕ್ಕಿಂತ ಸತು ಮೊದಲು ಹೊರಡುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಆಗ ಮೇಲೆದ್ದ ಆವಿಯ ಸಂಯೋಜನೆ ಮೂಲ ವಸ್ತುವಿನ ಸಂಯೋಜನೆಯಂತೆ ಇರುವುದಿಲ್ಲ. ಫೆಮ್ಟೊಸೆಕೆಂಡಿನಲ್ಲಿ ಕರಗುವಿಕೆ ಬಹಳ ಕಡಿಮೆಯಾದ್ದರಿಂದ ಈ ತಾರತಮ್ಯವೂ ಕಡಿಮೆ. ಆವಿಯನ್ನು ದ್ರವ್ಯರಾಶಿ ರೋಹಿತಮಾಪಕಕ್ಕೆ (ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ಎಣಿಸುವ ಉಪಕರಣಕ್ಕೆ) ಹರಿಸಿ ಖನಿಜಗಳನ್ನು ಅಳೆಯುವ ಭೂವಿಜ್ಞಾನಿಗಳು ಇದಕ್ಕಾಗಿಯೇ ಫೆಮ್ಟೊಸೆಕೆಂಡ್ ಲೇಸರನ್ನು ಬಯಸುತ್ತಾರೆ. ಆದರೆ ಲಿಬ್ಸ್‌ನಲ್ಲಿ ಅದರ ಪ್ಲಾಸ್ಮಾ ಬೇಗ ಆರುತ್ತದೆ, ಬೆಳಕು ಕ್ಷೀಣ, ಆದ್ದರಿಂದ ಎಲ್ಲ ಕೆಲಸಕ್ಕೂ ಅದೇ ಮೇಲೆನ್ನಲಾಗದು. ರಾಘವೇಂದ್ರ ಸರ್ ಅವರ ವಿವರಣೆಗೂ ಒಂದು ಮಾತು ಸೇರಿಸುತ್ತೇನೆ. ಒಂದು ಮಿಡಿತದಿಂದ ಶಾಖ ಹರಡುವುದಿಲ್ಲ ಎಂಬುದು ಸರಿ, ಆದರೆ ಮಿಡಿತಗಳು ಒಂದರ ಹಿಂದೊಂದು ಬಹಳ ಬೇಗ ಅದೇ ಜಾಗಕ್ಕೆ ಬಿದ್ದರೆ ಶಾಖ ಕೂಡಿಬರುತ್ತದೆ. ಗಾಜು ಕತ್ತರಿಸುವವರೂ ಕಣ್ಣಿನ ಯಂತ್ರ ಮಾಡುವವರೂ ಮಿಡಿತದ ಶಕ್ತಿ, ಆವರ್ತನ, ಬಿಂದುಗಳ ನಡುವಿನ ಅಂತರ ಮೂರನ್ನೂ ಹೊಂದಿಸುವುದು ಅದಕ್ಕಾಗಿ.

ವೀಣಾ, ಸೊರಬ
ಕೆಳದಿಯ ಅರಸರ ಚಿನ್ನದ ವರಹಗಳ ಅಪ್ಪಟತನವನ್ನು ಈ ವಿಧಾನದಿಂದ, ನಾಣ್ಯಕ್ಕೆ ಗೀರೂ ಬೀಳದಂತೆ, ಅಳೆಯಬಹುದೇ ಶ್ರೀನಿಧಿ?

ಶ್ರೀನಿಧಿ, ಶೃಂಗೇರಿ
ವೀಣಕ್ಕಾ, ಲೇಸರ್ ಬಡಿದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾದರೂ ಕುಳಿ ಬೀಳುತ್ತದೆ. ನಾಣ್ಯಕ್ಕೆ ಏನೂ ಆಗಬಾರದೆಂದರೆ ಎಕ್ಸ್-ಕಿರಣದ ಎಕ್ಸ್‌ಆರ್‌ಎಫ್ ಸಾಕು, ಚಿನ್ನದ ಅಂಗಡಿಗಳಲ್ಲೇ ಇರುತ್ತದೆ. ಮೇಲಿನ ಲೇಪದ ಕೆಳಗೆ ಬೇರೆ ಲೋಹವಿದೆಯೇ ಎಂದು ಪದರ ಪದರವಾಗಿ ತಿಳಿಯಬೇಕಾದಾಗ ಮಾತ್ರ ಫೆಮ್ಟೊಸೆಕೆಂಡ್ ಲೇಸರಿನ ಕುಳಿ ತೋಡುವುದು ಸಮರ್ಥನೀಯ.

ಗಣಪತಿ, ಹೊಸನಗರ
ಮಣ್ಣಿಗೂ ನಡೆಯುತ್ತದೆ ಎಂದಿರಲ್ಲ, ಹಾಗಾದರೆ ನಮಗೆ ಬೇಕಾದದ್ದು ಇದೇ. ಅಡಿಕೆಯ ಕೊಳೆರೋಗಕ್ಕೆ ತಲೆಮಾರುಗಳಿಂದ ಬೋರ್ಡೋ ದ್ರಾವಣ ಹೊಡೆಯುತ್ತ ಬಂದಿದ್ದೇವೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಗೊನೆಯಿಂದ ತೊಳೆದುಹೋದ ತಾಮ್ರವೆಲ್ಲ ಬುಡಕ್ಕೇ ಇಳಿಯುತ್ತದೆ. ತೋಟದಲ್ಲಿ ನಿಂತು ಲೇಸರ್ ಹಾಯಿಸಿ ಎಷ್ಟು ತಾಮ್ರ ಸೇರಿದೆ ಎಂದು ತಿಳಿಯುವಂತಾದರೆ ಬಹಳ ಪ್ರಯೋಜನವಾದೀತು.

ಶ್ರೀನಿಧಿ, ಶೃಂಗೇರಿ
ತಾಮ್ರದ ರೋಹಿತ ಗೆರೆಗಳು 324.7 ಮತ್ತು 327.4 ನ್ಯಾನೊಮೀಟರಿನಲ್ಲಿ ಪ್ರಬಲವಾಗಿ ಕಾಣಿಸುತ್ತವೆ, ಗುರುತಿಸುವುದು ಕಷ್ಟವಲ್ಲ. ಆದರೆ ಒದ್ದೆ ಮಣ್ಣಿನಲ್ಲಿ ಲೇಸರಿನ ಶಕ್ತಿಯ ಪಾಲೊಂದು ನೀರನ್ನು ಆವಿ ಮಾಡುವುದರಲ್ಲೇ ಹೋಗಿ ಗೆರೆ ಮಂಕಾಗುತ್ತದೆ. ಮಲೆನಾಡಿನ ಮಣ್ಣಿನಲ್ಲಿ ಕಬ್ಬಿಣವೂ ಹೆಚ್ಚು, ಅದರ ನೂರಾರು ಗೆರೆಗಳು ಅಕ್ಕಪಕ್ಕ ಬಂದು ಗೊಂದಲ ಮಾಡುತ್ತವೆ. ನಮ್ಮದೇ ಮಣ್ಣಿನ ಮಾದರಿಗಳಿಂದ ಮಾಪನಾಂಕ ಹೊಂದಿಸದೆ ಬಂದ ಅಂಕಿಯನ್ನು ನಂಬಲಾಗದು.

ಮಂಜುನಾಥ, ಭದ್ರಾವತಿ
ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಲೇಸರ್ ತೋರಿಸುವುದು ಮಣ್ಣಿನಲ್ಲಿರುವ ಒಟ್ಟು ತಾಮ್ರವನ್ನು. ಬೇರಿಗೆ ದಕ್ಕುವುದು ಅದರಲ್ಲಿ ಒಂದು ಪಾಲು ಮಾತ್ರ, ಅದನ್ನು ತಿಳಿಯಲು ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ಮಣ್ಣನ್ನು ಕುಲುಕಿ, ಇಳಿದುಬಂದ ತಾಮ್ರವನ್ನು ಪರಮಾಣು ಹೀರಿಕೆಯ ಉಪಕರಣದಲ್ಲಿ ಅಳೆಯಬೇಕು. ಹುಳಿ ಮಣ್ಣಿನಲ್ಲಿ ದಕ್ಕುವ ಪಾಲು ಹೆಚ್ಚು, ಸುಣ್ಣ ಹಾಕಿದ ಮಣ್ಣಿನಲ್ಲಿ ಕಡಿಮೆ. ಒಟ್ಟು ಅಂಕಿ ಒಂದೇ ಇದ್ದ ಎರಡು ತೋಟಗಳಲ್ಲಿ ಗಿಡದ ಸ್ಥಿತಿ ಬೇರೆ ಬೇರೆಯಾಗಿರಬಹುದು.

ಗಣಪತಿ, ಹೊಸನಗರ
ಹಾಗಾದರೆ ಈಗ ನಾನು ಮಾಡಿಸಬೇಕಾದದ್ದು ಡಿಟಿಪಿಎ ಪರೀಕ್ಷೆ ಎಂದಾಯಿತು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದಲ್ಲಿ ವಿಚಾರಿಸುತ್ತೇನೆ. ಮಣ್ಣು ತೆಗೆಯುವಾಗ ಏನು ಜಾಗ್ರತೆ ವಹಿಸಬೇಕು ಮಂಜಣ್ಣ?

ಮಂಜುನಾಥ, ಭದ್ರಾವತಿ
ತಾಮ್ರ, ಹಿತ್ತಾಳೆ, ಸತು ಲೇಪದ ಯಾವ ಸಲಕರಣೆಯನ್ನೂ ಮುಟ್ಟಿಸಬೇಡಿ. ತುಕ್ಕಿಲ್ಲದ ಸ್ಟೀಲಿನ ಕರಣೆ, ಪ್ಲಾಸ್ಟಿಕ್ ಬಕೆಟ್ ಸಾಕು. ಮೈಲುತುತ್ತ ಕಲಸುವ ಬಕೆಟ್ಟಂತೂ ಬೇಡವೇ ಬೇಡ. ಔಷಧಿ ಹೊಡೆದ ಕೂಡಲೇ ತೆಗೆಯದೆ ಬೇಸಿಗೆಯಲ್ಲಿ, ಮಳೆಗಾಲದ ಸಿಂಪರಣೆಗೆ ಮುಂಚೆ ತೆಗೆಯಿರಿ. ಮೇಲಿನ ದರಗು ಸರಿಸಿ, ತೋಟದ ಬೇರೆ ಬೇರೆ ಕಡೆಯ ಮರಗಳ ಬುಡದಿಂದ ಮೇಲ್ಮಣ್ಣನ್ನು ಒಂದು ಚೀಲಕ್ಕೂ, ಅದರ ಕೆಳಗಿನ ಪದರವನ್ನು ಇನ್ನೊಂದು ಚೀಲಕ್ಕೂ ಹಾಕಿ ನೆರಳಿನಲ್ಲಿ ಒಣಗಿಸಿ. ತಾಮ್ರದ ಜೊತೆಗೆ ಹುಳಿಯ ಪ್ರಮಾಣವನ್ನೂ ಅಳೆಯಲು ಹೇಳಿ, ಅದಿಲ್ಲದೆ ತಾಮ್ರದ ಅಂಕಿಯಿಂದ ಏನನ್ನೂ ತೀರ್ಮಾನಿಸಲಾಗದು.

ಶ್ರೀನಿಧಿ, ಶೃಂಗೇರಿ
ಗಣಪತಿಯಣ್ಣ, ಅದೇ ಚೀಲಗಳಿಂದ ಒಂದೊಂದು ಹಿಡಿ ಮಣ್ಣನ್ನು ನನಗೂ ಎತ್ತಿಡಿ. ಡಿಟಿಪಿಎ ಫಲಿತಾಂಶ ಕೈಯಲ್ಲಿರುವ ಮಾದರಿಗಳು ಸಿಕ್ಕರೆ, ಒಣ ಮಣ್ಣನ್ನು ಬಿಲ್ಲೆ ಒತ್ತಿ ಲೇಸರಿನಲ್ಲಿ ನೋಡಿ, ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಲ್ಲಿಯೇ ಹಾಕುತ್ತೇನೆ.